ಕಣ್ಣಿನ ಶಿಬಿರದ ಐದನೆಯ ದಿನ

ಎಪ್ಪತ್ತೇಳರ ದಸರಾ ರಜೆಯಲ್ಲಿ ತರೀಕೆರೆಯ ಒಂದು ಛತ್ರದಲ್ಲಿ ಕಣ್ಣಿನ ಶಿಬಿರ ನಡೆಯಿತು. ಪೊರೆ ತೆಗೆಯಲು ಡಾಕ್ಟರುಗಳು ಹೊರಗಿನಿಂದ ಬಂದಿದ್ದರು. ಆಪರೇಷನ್ ಆದವರನ್ನು ಎಂಟು ದಿನ ನೋಡಿಕೊಳ್ಳುವುದು ಕಡೂರಿನಿಂದ ಬಂದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳ ಕೆಲಸ. ಅವರಲ್ಲಿ ಮಲ್ಲಿಕಾಂಬ ಒಬ್ಬಳು. ಕೊಬ್ಬರಿ ವ್ಯಾಪಾರಿಯ ಮಗಳು, ಬಿ.ಎ. ಕೊನೆಯ ವರ್ಷ. ಮನೆಯಲ್ಲಿ ಉಂಡ ತಟ್ಟೆ ತೊಳೆದು ಗೊತ್ತಿಲ್ಲದವಳು ಇಲ್ಲಿ ಬೆಳಗಾದರೆ ಮುದುಕರ ಉಚ್ಚೆ ಡಬ್ಬಿಗಳನ್ನು ಹಿತ್ತಿಲಿಗೆ ಹೊರುತ್ತಿದ್ದಳು.

ಮೂವತ್ತಾರು ಮಂದಿಯನ್ನು ಹುಲ್ಲಿನ ಮೇಲೆ ಜಮಖಾನ ಹಾಸಿ ಸಾಲಾಗಿ ಅಂಗಾತ ಮಲಗಿಸಿದ್ದರು. ಆಪರೇಷನ್ ಒಂದೇ ಕಣ್ಣಿಗಾದರೂ ಎರಡಕ್ಕೂ ಪಟ್ಟಿ, ತಲೆಯ ಎರಡು ಪಕ್ಕಕ್ಕೆ ಮರಳಿನ ಚೀಲ. ತಲೆ ಅಲುಗಬಾರದು, ಕೆಮ್ಮಬಾರದು, ಏಳಬಾರದು. ಗಂಜಿಯನ್ನು ಚಮಚದಲ್ಲಿ ಕುಡಿಸಬೇಕು.

ಅವಳ ಪಾಲಿಗೆ ಬಂದ ಆರು ಜನರಲ್ಲಿ ಗಿರಿಯಪ್ಪ ಗೋಡೆಯ ಪಕ್ಕದವನು. ಅಜ್ಜಂಪುರದ ಆಚೆಯ ಊರು. ಕರೆತಂದಿದ್ದ ಮಗಳು ಹುಲಿಯಮ್ಮ, ಶೇಂಗಾ ಕೀಳುವ ಕೂಲಿ ತಪ್ಪುತ್ತದೆಂದು ಮಾರನೆಯ ದಿನವೇ ಹೊರಟಳು. ಹೋಗುವಾಗ, ಅಪ್ಪ ಒಂದು ಕಡೆ ನಿಂತವನಲ್ಲ, ಅವನ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಕೇಳಿಕೊಂಡಿದ್ದಳು.

ಮೂರನೆಯ ದಿನ ಇಬ್ಬರು ಹುಡುಗಿಯರಿಗೆ ಜ್ವರ ಬಂತು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆಂದು ತಿಳಿದು ಇನ್ನೊಬ್ಬಳನ್ನು ಅವರಪ್ಪ ಬಂದು ಕರೆದುಕೊಂಡು ಹೋದರು. ಉಳಿದವರ ಪಾಳಿ ಎರಡರಷ್ಟಾಯಿತು. ಮಲ್ಲಿಕಾಂಬಳ ಕಾಲುಗಳು ಊದಿಕೊಂಡವು; ಯಾರಾದರೂ ಕರೆದರೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಆ ಸಿಟ್ಟಿಗೂ ಶಕ್ತಿ ಉಳಿಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಎಲ್ಲರಿಗೂ ಗಂಜಿ ಕುಡಿಸಿ ಅವಳು ಗೋಡೆಗೆ ಒರಗಿದಳು. ಕಣ್ಣು ಬಿಟ್ಟಾಗ ಎಷ್ಟು ಹೊತ್ತಾಗಿತ್ತೋ ತಿಳಿಯಲಿಲ್ಲ. ಗಿರಿಯಪ್ಪ ಮಲಗಿದ ಕಡೆಯೇ ಇದ್ದ. ಆದರೆ ಮರಳಿನ ಚೀಲ ಒಂದು ಉರುಳಿತ್ತು, ಪಟ್ಟಿ ಒದ್ದೆಯಾಗಿ ಕೆಂಪಗಾಗಿತ್ತು. ಅವಳು ಡಾಕ್ಟರ ಹತ್ತಿರ ಓಡಿದಳು. ಹೊಲಿಗೆ ಬಿಟ್ಟಿತ್ತು. ಮತ್ತೆ ಹಾಕಿದರು. ಎಂಟನೆಯ ದಿನ ಪಟ್ಟಿ ಬಿಚ್ಚಿದಾಗ ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಬೆರಳೆಲ್ಲಿ ಎಂದ ಗಿರಿಯಪ್ಪ. ಆ ಕಣ್ಣು ಹೋಗಿತ್ತು.

ತಂಡದ ಮುಖ್ಯಸ್ಥರು ಓಂಕಾರಮೂರ್ತಿ ಎಂಬ ಅಧ್ಯಾಪಕರು. ಅವರೂ ಐದಾರು ದಿನದಿಂದ ಗಡ್ಡ ಹೆರೆದಿರಲಿಲ್ಲ. ನಾನು ನಿದ್ದೆಹೋಗಿದ್ದೆ ಸಾರ್ ಎಂದು ಮಲ್ಲಿಕಾಂಬ ಹೇಳಿದಾಗ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಹಣೆ ಉಜ್ಜಿಕೊಂಡರು. ವರದಿಯಲ್ಲಿ ರೋಗಿ ತಾನಾಗಿಯೇ ಎದ್ದ ಎಂದಷ್ಟೇ ಬರೆಯುತ್ತೇನೆ, ಉಳಿದದ್ದನ್ನು ಯಾರಿಗೂ ಹೇಳಬೇಡ, ಅದರಿಂದ ಯಾರಿಗೂ ಕಣ್ಣು ಬರುವುದಿಲ್ಲ ಎಂದರು. ಅವಳು ವಾದಿಸಲಿಲ್ಲ. ಅಜ್ಜನನ್ನು ಊರಿಗೆ ಮುಟ್ಟಿಸಿ ಬರುತ್ತೇನೆ ಎಂದು ಮಾತ್ರ ಕೇಳಿದಳು.

ಅಜ್ಜಂಪುರದ ಬಸ್ಸಿನಲ್ಲಿ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು.

"ನೀನು ಮಲಗಿದ್ದು ನಂಗೆ ಗೊತ್ತಿತ್ತು ಕಣವ್ವ," ಎಂದ ಗಿರಿಯಪ್ಪ. "ಒಂದ್ಸಲ ಕೂಗ್ದೆ. ಉಸಿರು ಕೇಳುಸ್ತಿತ್ತು. ಮಗು ಸುಸ್ತಾಗೈತೆ, ಯಾಕ್ ಎಬ್ಬುಸ್ಲಿ ಅಂತ ನಾನೇ ಡಬ್ಬಿ ಹುಡುಕ್ದೆ. ಕಂಬ ಹೊಡೀತು, ತಡವ್ಕೊಂಡು ಬಂದು ಮತ್ತೆ ಮಲಿಕ್ಕಂಡೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವಳು ಕಿಟಕಿಯ ಕಡೆ ತಿರುಗಿದಳು.

ಹುಲಿಯಮ್ಮ ಅಂಗಳದಲ್ಲಿ ಶೇಂಗಾ ಒಣಗಿಸುತ್ತಿದ್ದಳು. ಅವಳಿಗೂ ಮಲ್ಲಿಕಾಂಬ ಮುಚ್ಚಿಡದೆ ಹೇಳಿದಳು. ಬಿಡೇ, ಪಾಪ, ಎಂದ ಗಿರಿಯಪ್ಪ. ಹುಲಿಯಮ್ಮ ಅಪ್ಪನ ಕೈ ಹಿಡಿದು ಒಳಗೆ ಕೂರಿಸಿ ಹೊರಗೆ ಬಂದಳು.

"ಮುಂಚೆ ಮಸುಕಾಗಾದ್ರೂ ಕಾಣ್ತಿತ್ತು," ಎಂದಳು. "ನೀವು ರಜ ಮುಗಿಸ್ಕೊಂಡು ಹೋಗ್ತೀರ. ಹೋಗ್ರವ್ವ, ಬಸ್ಸಿಗೆ ಹೊತ್ತಾಯ್ತು."

ಆ ವರ್ಷ ಮಲ್ಲಿಕಾಂಬ ಪರೀಕ್ಷೆ ಬರೆದು ಪಾಸಾದಳು. ಮನೆಯಲ್ಲಿ ಗಂಡು ನೋಡತೊಡಗಿದರು. ನಡುವೆ ಎರಡು ಸಲ ಅವಳು ಅಜ್ಜಂಪುರದ ಕಡೆ ಹೋಗಿ, ಇನ್ನೊಂದು ಕಣ್ಣಿಗೂ ಪೊರೆ ಬಲಿತಿದೆ, ಬಿಡಬೇಡಿ ಎಂದು ಹೇಳಿ ಬಂದಳು. ಮೊದಲ ಸಲ ಹುಲಿಯಮ್ಮ ಹೊರಗೇ ಬರಲಿಲ್ಲ. ಎರಡನೆಯ ಸಲ ನೀರು ಕೊಟ್ಟು ಒಳಗೆ ಹೋದಳು.

ಎಪ್ಪತ್ತೆಂಟರಲ್ಲಿ ಶಿಬಿರ ಕಡೂರಿನಲ್ಲೇ ಆಯಿತು. ಕಾಲೇಜು ಬಿಟ್ಟಿದ್ದರೂ ಓಂಕಾರಮೂರ್ತಿಯವರನ್ನು ಕೇಳಿಕೊಂಡು ಮಲ್ಲಿಕಾಂಬ ಕೆಲಸಕ್ಕೆ ಸೇರಿದಳು. ಎರಡನೆಯ ದಿನ ಹುಲಿಯಮ್ಮ ಅಪ್ಪನ ಕೈ ಹಿಡಿದು ಬಂದಳು. ಈ ಸಲ ಅವಳು ಊರಿಗೆ ಹೋಗಲಿಲ್ಲ. ಆಪರೇಷನ್ ಆದ ಮೇಲೆ ಅಪ್ಪನ ತಲೆಯ ಬಳಿ ಕೂತವಳು ಸ್ವಯಂಸೇವಕರನ್ನು ಹತ್ತಿರ ಬಿಡಲಿಲ್ಲ. ಗಂಜಿಯನ್ನೂ ತಾನೇ ಕುಡಿಸಿದಳು, ಡಬ್ಬಿಯನ್ನೂ ತಾನೇ ಎತ್ತಿದಳು. ಮಲ್ಲಿಕಾಂಬ ಪಕ್ಕದ ಸಾಲಿನವರನ್ನು ನೋಡಿಕೊಂಡು ಓಡಾಡಿದಳು.

ಆಪರೇಷನ್ ಆದ ನಾಲ್ಕನೆಯ ದಿನಕ್ಕೆ ಹುಲಿಯಮ್ಮನ ಕಣ್ಣು ಗುಳಿ ಬಿದ್ದವು. ಕೂತಲ್ಲೇ ತೂಕಡಿಸಿ ಬೆಚ್ಚಿ ಎದ್ದದ್ದನ್ನು ಮಲ್ಲಿಕಾಂಬ ಎರಡು ಸಲ ನೋಡಿ ನೋಡದ ಹಾಗೆ ದಾಟಿ ಹೋದಳು. ಮೂರನೆಯ ಸಲ ಹುಲಿಯಮ್ಮನೇ ಕೂಗಿದಳು.

"ಒಸಿ ಹೊತ್ತು ಇಲ್ಲಿ ಕೂತ್ಕಳವ್ವ. ನಾನು ಬೆನ್ನು ಚಾಚ್ತೀನಿ."

ಹೇಳಿದವಳು ಮಾರುದೂರದಲ್ಲಿ ಸೆರಗು ಹಾಸಿ ಮಲಗಿದಳು. ಮಲಗಿದ ಕ್ಷಣವೇ ನಿದ್ದೆ ಬಂತು. ಮಲ್ಲಿಕಾಂಬ ಕೂರಲಿಲ್ಲ. ಗಿರಿಯಪ್ಪನ ತಲೆಯ ಹತ್ತಿರ ನಿಂತೇ ಇದ್ದಳು. ಯಾರದು ಎಂದು ಅವನು ಕೇಳಿದ. ನಾನು ಅಜ್ಜ, ಎಂದಳು. ಅವನು ಸರಿ ಎನ್ನುವಂತೆ ಎದೆಯ ಮೇಲಿನ ಕೈಬೆರಳು ಎತ್ತಿ ಇಳಿಸಿದ, ತಲೆ ಮಾತ್ರ ಅಲುಗಿಸಲಿಲ್ಲ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಹುಲಿಯಮ್ಮನನ್ನು ಅವಳು ಎಬ್ಬಿಸಲಿಲ್ಲ.