ತೇಜಾಬಿನ ಡಬ್ಬಿ

ಗೊರೇಬಾಳದ ಕಾಲುವೆಯ ಕೆಳಗೆ ಮೂರು ಕೊಳಗಳು. ಬೆಳಗಿನ ಬಿಸಿಲು ಇನ್ನೂ ನೀರಿಗಿಳಿದಿಲ್ಲ. ಏರಿಯ ಮೇಲಷ್ಟೇ ನಿಂತಿದೆ. ಮೂರನೆಯ ಕೊಳದಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಕಚ್ಚೆ ಬಿಗಿದ ಒಬ್ಬ ಹೆಂಗಸು. ಜೋಡಿಸಿದ ಅಂಗೈಗಳ ಮೇಲೆ ಒಂದು ಕಾಟ್ಲಾ ಮೀನು. ಒಂದೊಂದು ಹುರುಪೆಯೂ ತನ್ನ ತಾವಿನಲ್ಲಿದೆ; ಎಲ್ಲಿಯೂ ಕೆಂಪಿಲ್ಲ, ಹುಣ್ಣಿಲ್ಲ. ಮೀನಿನ ಕಿವಿರು ಮೆಲ್ಲಗೆ ತೆರೆದು ಮುಚ್ಚುವುದೊಂದೇ ಅಲ್ಲಿನ ಚಲನೆ.

ಆಕೆ ಗದ್ದೆಮ್ಮ, ಸಂತೆಕಲ್ಲೂರಿನ ಒಣಬೇಸಾಯದ ನೆಲದಿಂದ ಕಾಲುವೆಯ ಸೀಮೆಗೆ ಕೂಲಿಗೆ ಬಂದವಳು. ೧೯೭೨ರ ಆ ಚಳಿಗಾಲದಲ್ಲಿ, ಬರೀ ಶೇಂಗಾ ಹಿಂಡಿ, ತೌಡು ತಿಂದ ಪಕ್ಕದ ಎರಡು ಕೊಳಗಳ ಮೀನುಗಳು ಮೈತುಂಬ ಹುಣ್ಣೆದ್ದು ಮಗುಚಿ ತೇಲಿದ್ದವು. ಆಕೆ ಮೇವು ಹಾಕಿದ ಈ ಕೊಳದಲ್ಲಿ ಹುಣ್ಣಾದದ್ದು ನಾಲ್ಕಾರಕ್ಕೆ ಮಾತ್ರ, ಅವೂ ಮಾಯ್ದಿದ್ದವು.

ಮೀನು ಕೇಂದ್ರದ ಅಧಿಕಾರಿ ಕರಿಬಸಯ್ಯ ಏರಿಯ ಮೇಲಿಂದ ಕೂಗಿದರು: “ನೋಡಿದ್ಯಾ ಗದ್ದೆಮ್ಮಾ, ನನ್ನ ಡಬ್ಬಿ ಗೆದ್ದಬಿಡ್ತು! ಇವತ್ತ ವರದಿ ಬರದು ಕಳಸ್ತೀನಿ.”

ಗದ್ದೆಮ್ಮ ಮೀನನ್ನು ನೀರಿಗೆ ಬಿಟ್ಟಳು. ಆ ಡಬ್ಬಿಯನ್ನು ಆಕೆ ತೆರೆದೇ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಕರಿಬಸಯ್ಯ ಅದನ್ನು ಕೊಟ್ಟು, “ಇದು ಅಮೈನೋ ಆಸಿಡ್. ದಿನಾ ಒಂದು ಚಮಚ ತಗೊಂಡು ಶೇಂಗಾ ಹಿಂಡಿ, ತೌಡಿನ್ಯಾಗ ಕಲಸು. ಮೀನಿಗೆ ರೋಗ ತಡಿಯೋ ಕಸುವು ಬರ್ತೈತಿ” ಎಂದಿದ್ದರು. ಆಸಿಡ್ ಎಂದರೇನೆಂದು ಆಕೆ ಕಾವಲುಗಾರ ಶೇಕ್ಷಾವಲಿಯನ್ನು ಕೇಳಿದಳು.

“ತೇಜಾಬ್ ಬೇ! ಅಕ್ಕಸಾಲಿಗ ಬಂಗಾರ ತೊಳೀತಾನಲ್ಲ, ಅದು. ಕೈಮ್ಯಾಲ ಬಿದ್ರ ತೂತು.”

“ಅಯ್ಯ ಚಾಚಾ, ಬಾಯಿಲ್ಲದ ಜೀವಕ್ಕ ತೇಜಾಬ್ ತಿನಸಂತಾರೇನು? ಇವ್ರ ಓದಿಗೆ ಬೆಂಕಿ ಹಚ್ಚಲಿ!”

ಡಬ್ಬಿ ಅಟ್ಟ ಸೇರಿತು. ಅದರ ಬದಲು ಮಸ್ಕಿ ಸಂತೆಯಿಂದ ತನ್ನ ಸೀಮೆಯ ಕರಿಕಾಳು ಗುರೆಳ್ಳಿನ ಹಿಂಡಿಯನ್ನೂ ತೊಗರಿ ನುಚ್ಚನ್ನೂ ತರಿಸಿ, ಗಾಯವಾದ ದನಗಳಿಗೆ ತವರಿನಲ್ಲಿ ಅವ್ವ ಕಲಸುತ್ತಿದ್ದಂತೆ ಕಲಸಿ ಹಾಕಿದಳು.

ಈಗ ಸುಮ್ಮನಿದ್ದರೆ ಕೂಲಿ ಉಳಿಯುತ್ತಿತ್ತು; ಹೇಳಿದರೆ ಹೋಗುತ್ತಿತ್ತು. ಆದರೆ ತೆರೆಯದ ಡಬ್ಬಿಯೊಂದು ತನ್ನ ನೆಲದ ಕರಿಕಾಳಿನ ಕೀರ್ತಿಯನ್ನು ಹೊತ್ತು ಮೆರೆಯುವುದನ್ನು ಆಕೆ ಸಹಿಸದಾದಳು. ಒದ್ದೆ ಸೀರೆಯಲ್ಲೇ ಅಟ್ಟದಿಂದ ಡಬ್ಬಿ ಇಳಿಸಿ, ಕಚೇರಿಗೆ ಹೋಗಿ ಮೇಜಿನ ಮೇಲಿಟ್ಟಳು.

“ಇದನ್ನ ನಾ ಹಾಕೇ ಇಲ್ರಿ ಸಾಹೇಬ್ರ. ಮೀನು ಉಳಿಸಿದ್ದು ತೇಜಾಬಲ್ಲ. ಗುರೆಳ್ಳು, ತೊಗರಿ.”

ಕರಿಬಸಯ್ಯನವರ ಮುಖ ಕೆಂಪಾಯಿತು. “ನಾಕು ತಿಂಗಳ ಪ್ರಯೋಗ ಮಣ್ಣಪಾಲು ಮಾಡಿದೆಲ್ಲಾ! ತೇಜಾಬಂತ, ತೇಜಾಬು!” ಎಂದು ಡಬ್ಬಿಯ ಮುಚ್ಚಳ ಕಿತ್ತು, ಬೆರಳದ್ದಿ, ಬಿಳಿಯ ಪುಡಿಯನ್ನು ನಾಲಗೆಗಿಟ್ಟುಕೊಂಡರು. ಕೊಳೆತ ಉಳ್ಳಾಗಡ್ಡಿಯ ವಾಸನೆಗೆ ಮೂಗು ಸೊಟ್ಟಗಾಯಿತು. “ಸತ್ತೇನೇನು ನಾ?”

“ಇನ್ನೂ ಇಲ್ರಿ.”

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದಾಗ ಸಿಟ್ಟೂ ಮುಗಿದಿತ್ತು. ಅಳತೆ ಕೇಳಿದರು. ಆಕೆ ಬೊಗಸೆಯಲ್ಲಿ ತೋರಿಸಿದಳು. ಅವರ ಲೇಖನಿ ನಿಂತಿತು.

“ಶೇಂಗಾ ಹಿಂಡ್ಯಾಗ ಎರಡು ಸತ್ವ ಕಡಿಮಿ, ಗದ್ದೆಮ್ಮಾ. ಮೈ ಕಟ್ಟಾಕ, ಹುಣ್ಣು ಮಾಯಾಕ, ರೋಗದ ಜೋಡಿ ಬಡದಾಡಾಕ ಅವು ಬೇಕು. ಒಂದು ನಿನ್ನ ಗುರೆಳ್ಳಿನ್ಯಾಗ ಐತಿ, ಇನ್ನೊಂದು ತೊಗರ್ಯಾಗ. ಈ ಡಬ್ಬ್ಯಾಗ ಇರೋದೂ ಅವ ಎರಡು.”

“ಹಂಗಾದ್ರ ನಾನೂ ತೇಜಾಬ್ ಹಾಕಿದಂಗಾತೇನ್ರಿ?”

“ತೇಜಾಬಲ್ಲ ನಮ್ಮವ್ವಾ, ಹೆಸರಷ್ಟ ಆಸಿಡ್!” ಅವರು ಡಬ್ಬಿಯ ವರದಿ ಬರೆದಿದ್ದ ಹಾಳೆ ಹರಿದು ಹೊಸದನ್ನು ತೆಗೆದರು. “ಒಂದ ಕೊಳ ನೋಡಿ ಖರೇ ಅನ್ನಾಕ ಬರಂಗಿಲ್ಲ. ಬರೋ ಚಳಿಗಾಲಕ್ಕ ಮತ್ತ ಮಾಡೂಣು. ಈಗ ನಿನ್ನ ಹೆಸರು ಬರೀತೀನಿ.”

“ನಮ್ಮವ್ವ ಜೋಗಮ್ಮನ್ನ ಮೊದಲ ಬರೀರಿ. ಅಳತಿ ಆಕೀದು.”

ಅವರು ಬರೆದು, ಗಟ್ಟಿಯಾಗಿ ಓದಿದರು: ‘ಸಂತೆಕಲ್ಲೂರಿನ ಜೋಗಮ್ಮನ ಅಳತೆ, ಹಾಕಿದವಳು ಮಗಳು ಗದ್ದೆಮ್ಮ.’

“ಇನ್ನೊಮ್ಮೆ ಓದ್ರಿ.”

ಓದಿದರು.

“ನಾಳೆ ಬರ್ಲ್ಯೋ, ಬ್ಯಾಡೋ?”

“ನಾಳೆ ಯಾಕ? ಈಗ ಹೋಗು. ಮೂರೂ ಕೊಳ ಇನ್ನ ನಿನ್ನವ.”

ಗದ್ದೆಮ್ಮ ಸೆರಗು ಸರಿಪಡಿಸಿಕೊಂಡಳು. ತಲೆಯ ಮೇಲೆ ತುಂಬಿದ ಕೊಡವಿದ್ದವಳಂತೆ ನೆಟ್ಟಗೆ ನಡೆದು ಹೊರಬಿದ್ದಳು. ಆಕೆಯ ಹಿಂದೆ ಬಾಗಿಲು ಮುಚ್ಚಿಕೊಂಡಿತು.