ಬೆನ್ನು ಹಾಕಿ ನಿಂತವನು

ಫುಟ್‌ಬಾಲ್ ಮೈದಾನದ ಪೂರ್ವದ ಮೆಟ್ಟಿಲುಗಳ ಮೇಲೆ ಎಲ್ಲರೂ ಆಟದ ಕಡೆ ಮುಖ ಮಾಡಿ ನಿಂತರೆ ಒಬ್ಬ ಮಾತ್ರ ಆಟಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಅವನನ್ನು ಜನ ಗಂಟಲು ಎಂದು ಕರೆಯುತ್ತಿದ್ದರು. ವಾರವಿಡೀ ಅವನು ಕ್ಷೌರದಂಗಡಿಯಲ್ಲಿ ಕತ್ತರಿ ಆಡಿಸುವವನು. ಪಂದ್ಯದ ದಿನ ಬೇಲಿಯ ಪಕ್ಕದ ಕಬ್ಬಿಣದ ಪೆಟ್ಟಿಗೆ ಹತ್ತಿ ಸಾವಿರಾರು ಜನರಿಂದ ಹಾಡಿಸುವವನು. ಅವನು ಕೈ ಎತ್ತಿದರೆ ಹಾಡು ಏಳಬೇಕು, ಇಳಿಸಿದರೆ ನಿಲ್ಲಬೇಕು. ಹಾಡಿಸುವವನ ಕಣ್ಣು ಚೆಂಡಿನ ಮೇಲೆ ಹೋದರೆ ತಾಳ ಕೆಡುತ್ತದೆ, ಜನ ಚದುರುತ್ತಾರೆ. ಹೀಗಾಗಿ ಅವನು ಆಟವನ್ನು ನೋಡುತ್ತಿದ್ದದ್ದು ಜನರ ಮುಖಗಳಲ್ಲಿ. ಹುಬ್ಬುಗಳು ಮೇಲೇರಿದರೆ ನಮ್ಮವರು ಮುನ್ನುಗ್ಗಿದ್ದಾರೆ. ಕೈಗಳು ತಲೆಯ ಮೇಲೆ ಹೋದರೆ ಚೆಂಡು ಕಂಬಕ್ಕೆ ಬಡಿದಿದೆ.

"ದುಡ್ಡು ಕೊಟ್ಟು ಸಿನಿಮಾಕ್ಕೆ ಹೋಗಿ ಪರದೆಗೆ ಬೆನ್ನು ಹಾಕಿ ಕೂತ ಹಾಗಾಯ್ತು ನಿಮ್ಮ ಕಥೆ," ಎನ್ನುತ್ತಿದ್ದಳು ಹೆಂಡತಿ.

"ಮುಖ ನೋಡಿದ್ರೆ ಸಾಕು ಕಣೇ, ಎಲ್ಲ ಗೊತ್ತಾಗುತ್ತೆ."

"ಇಷ್ಟು ವರ್ಷ ಆಯ್ತು, ನನ್ನ ಮುಖ ನೋಡಿ ಒಂದೂ ಗೊತ್ತಾಗಿಲ್ಲ ನಿಮಗೆ."

ಪಾದರಸ ಎಂಬ ಆಟಗಾರನಿಗೆ ಆ ಹೆಸರಿಟ್ಟವನೂ ಗಂಟಲೇ. ಹುಡುಗನಿಗೆ ಆಗ ಹದಿನೇಳು. ಆಟದ ಋತುವಿನ ಕೊನೆಯ ಪಂದ್ಯ, ಎದುರಿಗೆ ಆ ವರ್ಷದ ಚಾಂಪಿಯನ್ನರು. ಯಾರದೋ ಕಾಲು ಉಳುಕಿತೆಂದು ಅವನನ್ನು ಒಳಗೆ ಕಳಿಸಿದ್ದರು. ಒಳಗೆ ಹೋದವನು ಬೆವರುವ ಮೊದಲೇ ಗೋಲು ಬಿತ್ತು. ಗಂಟಲು ಆ ಗೋಲನ್ನು ಕಾಣಲಿಲ್ಲ. ಅವನು ಕಂಡದ್ದು ಮುಖಗಳನ್ನು. ಬಸ್ ಡಿಪೋದ ಮುದಿ ಕಾವಲುಗಾರ ಬಾಯಿ ತೆರೆದು ಅಳುತ್ತಿದ್ದ. ಡ್ರಮ್ ಬಾರಿಸುತ್ತಿದ್ದ ಗಂಟಲಿನ ಭಾವಮೈದುನ ಕೋಲುಗಳನ್ನು ಕೆಳಗೆ ಹಾಕಿ, ಗುರುತಿಲ್ಲದ ಯಾರನ್ನೋ ತಬ್ಬಿಕೊಂಡಿದ್ದ. ಇಂಥ ಮುಖಗಳನ್ನು ಗಂಟಲು ಅದುವರೆಗೆ ನೋಡಿರಲಿಲ್ಲ. ಇಷ್ಟು ಖುಷಿ ಕೊಟ್ಟವನು ಸಾಮಾನ್ಯದವನಾಗಿರಲು ಸಾಧ್ಯವೇ ಇಲ್ಲ ಎನಿಸಿ, ನಿಂತಲ್ಲೇ ಹಾಡು ಬಾಯಿಗೆ ಬಂತು.

ಪಾದರಸ ಬಂತು, ದಾರಿ ಬಿಡಿ,
ಹಿಡಿದೋರ ಕೈಯೇ ಖಾಲಿ ನೋಡಿ!

ಮುಂದಿನ ವಾರಕ್ಕೆ ಊರಿನ ಗೋಡೆಗಳ ಮೇಲೆಲ್ಲ ಆ ಸಾಲು ಬಂತು. ಅದಕ್ಕೆ ಮೊದಲೂ ಮೆಟ್ಟಿಲಿನವರು ಇಂಥವರನ್ನು ಎತ್ತಿ ಕೂರಿಸಿದ್ದುಂಟು. ಬಾಣ ಎಂಬವನು ಎರಡು ಋತು ಓಡಿ ಉಸಿರು ಕಳೆದುಕೊಂಡ. ಚಿಕ್ಕ ದೊರೆ ಎಂಬವನು ಈಗ ಟೈರ್ ಅಂಗಡಿ ಇಟ್ಟಿದ್ದಾನೆ. ಹಳೆಯ ಅಭಿಮಾನಿಗಳು ಅಲ್ಲಿಗೆ ಗಾಳಿ ತುಂಬಿಸಲು ಹೋಗುವುದಿಲ್ಲ, ಮುಜುಗರ. ಕ್ಷೌರದಂಗಡಿಯಲ್ಲಿ ಪ್ರತಿ ವರ್ಷ ಅದೇ ಮಾತು. "ಈ ಸಲದೋನು ಹಾಗಲ್ಲ ಬಿಡಿ. ಇವನು ಬೇರೆ." ಪಾದರಸನ ಬಗ್ಗೆ ಆ ಮಾತು ಹೆಚ್ಚು ಕಾಲ ನಡೆಯಿತು, ಅಷ್ಟೇ ವ್ಯತ್ಯಾಸ. ಮುಂದಿನ ವರ್ಷ ಸಿಡಿಯುತ್ತಾನೆ ಎಂದರು. ಮಂಡಿ ವಾಸಿಯಾದ ಮೇಲೆ ನೋಡಿ ಎಂದರು. ಹೊಸ ತರಬೇತುದಾರ ಬರಲಿ ಎಂದರು. ಮೂರು ತರಬೇತುದಾರರು ಬಂದು ಹೋದರು. ಪಾದರಸ ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತ. ಅವನಿಗೀಗ ಇಪ್ಪತ್ತೆಂಟು.

ಆದರೂ ಹಾಡು ನಿಲ್ಲಲಿಲ್ಲ. ಪೂರ್ವದ ಮೆಟ್ಟಿಲಿನ ಪದ್ಧತಿಯೇ ಹಾಗಿತ್ತು. ಒಮ್ಮೆ ಕೊಟ್ಟ ಹಾಡನ್ನು ಆಟಗಾರ ತಂಡ ಬಿಟ್ಟು ಅಂಗಿ ಬಿಚ್ಚುವವರೆಗೆ ಹಿಂದಕ್ಕೆ ಪಡೆಯುವಂತಿಲ್ಲ. ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಹಾಡಲೇಬೇಕು. ಬೇರೆ ಊರಿನವರು ತಮ್ಮ ಆಟಗಾರರಿಗೇ ಥೂ ಎನ್ನುತ್ತಾರೆ, ನಾವು ಮಾತ್ರ ಯಾರನ್ನೂ ಬೈಯುವುದಿಲ್ಲ ಎಂಬ ಹೆಮ್ಮೆ ಅವರಿಗೆ.

ಋತುವಿನ ಕೊನೆಯ ಪಂದ್ಯದ ಹಿಂದಿನ ವಾರ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪಾದರಸ ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತ. ಗಂಟಲು ಬಿಳಿ ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದ. ನೆತ್ತಿಯಲ್ಲಿ ಕೂದಲು ತೆಳುವಾಗತೊಡಗಿತ್ತು.

"ಚಿಕ್ಕದು ಮಾಡ್ಲಾ?"

"ಏನಾದ್ರೂ ಮಾಡಿ. ಅಣ್ಣ, ಒಂದು ಮಾತು ಕೇಳ್ಬೇಕಿತ್ತು."

"ಕೇಳಪ್ಪ."

"ಭಾನುವಾರ ನನ್ನ ಹಾಡು ಹಾಡಿಸ್ಬೇಡಿ."

ಗಂಟಲು ಕತ್ತರಿ ನಿಲ್ಲಿಸಿದ. ಕನ್ನಡಿಯಲ್ಲಿ ಪಾದರಸನ ಮುಖ ನೋಡಿದ. ತಮಾಷೆಯಂತೆ ಕಾಣಲಿಲ್ಲ.

"ತಂಡದೋರು ನನ್ನ ಬಿಡ್ತಾ ಇದಾರೆ," ಎಂದ ಪಾದರಸ. "ಮುಂದಿನ ವರ್ಷಕ್ಕೆ ಬೇಡ ಅಂದ್ರು. ಭಾನುವಾರ ಬೇರೆ ಊರಿನ ತಂಡದ ತರಬೇತುದಾರ ನೋಡೋಕೆ ಬರ್ತಾರೆ. ಸಣ್ಣ ತಂಡ, ಎರಡನೇ ದರ್ಜೆ. ಅವರಿಗೆ ಹಿಡಿಸಿದ್ರೆ ಎರಡು ವರ್ಷ ಇಟ್ಕೋತಾರಂತೆ. ಇಲ್ದಿದ್ರೆ ನಮ್ಮ ಮಾವನ ಗೋದಾಮಿನಲ್ಲಿ ಮೂಟೆ ಎತ್ತಿಸೋ ಕೆಲಸ. ಈಗಾಗ್ಲೇ ಅವರ ಮನೆ ಮೇಲ್ಗಡೆ ಇದೀವಿ. ಮೆಟ್ಟಿಲು ಹತ್ತುವಾಗಲೆಲ್ಲ, ಏನಪ್ಪ, ಇವತ್ತೂ ಆಡಿಸ್ಲಿಲ್ವಾ ಅಂತಾರೆ."

"ಅದಕ್ಕೂ ಹಾಡಿಗೂ ಏನು ಸಂಬಂಧ? ಜನ ನಿನ್ನ ಮೇಲೆ ಪ್ರಾಣ ಇಟ್ಕೊಂಡಿದಾರೆ."

"ಅದೇ ಕಷ್ಟ ಅಣ್ಣ. ಚೆಂಡು ಬರುತ್ತೆ. ಪಕ್ಕದಲ್ಲಿ ನಮ್ಮೋನೊಬ್ಬ ಖಾಲಿ ನಿಂತಿರ್ತಾನೆ, ಕೊಟ್ರೆ ಮುಗೀತು. ಅಷ್ಟರಲ್ಲಿ ಹಾಡು ಶುರುವಾಗುತ್ತೆ. ಅಷ್ಟು ಜನ ದಾರಿ ಬಿಡಿ ದಾರಿ ಬಿಡಿ ಅಂತಿರುವಾಗ ಪಕ್ಕದೋನಿಗೆ ಕೊಡೋದು ಹೇಗೆ? ನಾಚಿಕೆ ಆಗುತ್ತೆ. ಮೂರು ಜನರ ಮಧ್ಯೆ ನುಗ್ತೀನಿ. ಕಳ್ಕೋತೀನಿ. ನೀವು ನೋಡೇ ಇರ್ತೀರಲ್ಲ."

ಗಂಟಲು ಹೂಂ ಎಂದ. ಬಾಚಣಿಗೆ ಎತ್ತಿಕೊಂಡು, ಈಗಾಗಲೇ ಬಾಚಿದ್ದ ಕಡೆಯೇ ಮತ್ತೆ ಬಾಚಿದ.

"ಒಂದೇ ಒಂದು ಪಂದ್ಯ," ಎಂದ ಪಾದರಸ. "ಯಾಕೆ ಅಂತ ಯಾರಿಗೂ ಹೇಳ್ಬೇಡಿ. ಊರೆಲ್ಲ ಅಯ್ಯೋ ಪಾಪ ಅನ್ನೋದು ಬೇಡ."

"ಆಯ್ತು," ಎಂದ ಗಂಟಲು. "ನನ್ನ ಕೈ ಮೇಲೇಳಲ್ಲ. ಮಾತು ಕೊಟ್ಟಿದೀನಿ."

ಭಾನುವಾರ ಬಿಸಿಲು ಇಳಿಯುವ ಮೊದಲೇ ಮೆಟ್ಟಿಲು ತುಂಬಿತು. ಗಂಟಲು ಪೆಟ್ಟಿಗೆ ಹತ್ತಿ, ಕೈಯಲ್ಲಿದ್ದ ಮೆಗಾಫೋನನ್ನು ಬಾಯಿಗಿಟ್ಟು ಕೂಗಿದ. "ಕೇಳ್ರಪ್ಪೋ! ಇವತ್ತು ಪಾದರಸನ ಹಾಡಿಲ್ಲ. ಅವನ ಕಾಲಿಗೆ ಚೆಂಡು ಬಂದ್ರೆ ಎಲ್ಲರ ಬಾಯಿ ಬಂದ್!"

ಗದ್ದಲ ಎದ್ದಿತು.

"ಯಾಕಣ್ಣ, ಜಗಳ ಆಯ್ತಾ?"

"ಕಟಿಂಗ್ ಮಾಡುವಾಗ ಕಿವಿ ಗಿವಿ ಕೊಯ್ದ್ಯಾ?"

"ಕಾರಣ ಕೇಳ್ಬೇಡಿ. ನಾನು ಹೇಳ್ತಿದೀನಿ ಅಂದ್ರೆ ಹೇಳ್ತಿದೀನಿ, ಅಷ್ಟೇ!"

ಭಾವಮೈದುನ ಡ್ರಮ್ಮಿನ ಪಟ್ಟಿ ಬಿಗಿ ಮಾಡುತ್ತ ಗೊಣಗಿದ. "ಹನ್ನೊಂದು ವರ್ಷದ ಪದ್ಧತಿ ಭಾವ. ಇವತ್ತು ನಿಲ್ಲಿಸೋದು ಅಂದ್ರೆ ಅವನ ಮನಸ್ಸಿಗೆ ನೋವಾಗಲ್ವಾ?"

"ನೀನು ಬಾರಿಸು ಅಂದಾಗ ಬಾರಿಸು. ಮಿಕ್ಕಿದ್ದು ನನಗಿರ್ಲಿ."

ಪಂದ್ಯ ಶುರುವಾಯಿತು. ಆವತ್ತು ಮಂಡಿ ನೋವಿನಿಂದ ಇಬ್ಬರು ಹೊರಗುಳಿದಿದ್ದರಿಂದ ಪಾದರಸನಿಗೆ ಮೊದಲಿನಿಂದಲೇ ಜಾಗ ಸಿಕ್ಕಿತ್ತು. ಗಂಟಲು ತಂಡದ ಹಾಡು ಹಾಡಿಸಿದ, ಗೋಲ್‌ಕೀಪರನ ಹಾಡು ಹಾಡಿಸಿದ. ಪಾದರಸ ಚೆಂಡು ಮುಟ್ಟಿದನೆಂದು ಭಾವಮೈದುನ ಸನ್ನೆ ಮಾಡಿದಾಗಲೆಲ್ಲ ಎರಡೂ ಅಂಗೈಗಳನ್ನು ನೆಲದ ಕಡೆ ಒತ್ತಿ ಹಿಡಿದ. ಜನ ಸುಮ್ಮನಾದರು. ಆ ಕ್ಷಣಗಳಲ್ಲಿ ಅವನು ಮುಖಗಳನ್ನು ಹುಡುಕಿದ. ಪಾದರಸನ ಕಾಲಿಗೆ ಚೆಂಡು ಬಂದಾಗಿನ ಜನರ ಮುಖಗಳು ಅವನಿಗೆ ಬಾಯಿಪಾಠವಾಗಿದ್ದವು: ಮೊದಲು ಹುಬ್ಬು ಏರುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ, ಆಮೇಲೆ ಕೈ ತಲೆಗೆ ಹೋಗುತ್ತದೆ. ಇವತ್ತು ಅದ್ಯಾವುದೂ ಆಗಲಿಲ್ಲ. ಜನ ಕಡಲೆಕಾಯಿ ಜಗಿಯುತ್ತ ಕಣ್ಣನ್ನು ಎಡದಿಂದ ಬಲಕ್ಕೆ ಸರಿಸುತ್ತಿದ್ದರು, ಅಷ್ಟೇ. ಆ ಮುಖಗಳಿಂದ ಅವನಿಗೆ ಏನೂ ತಿಳಿಯಲಿಲ್ಲ.

ವಿರಾಮದಲ್ಲಿ ಭಾವಮೈದುನ ಹೇಳಿದ. "ಭಾವ, ನಿಮ್ಮ ಪಾದರಸ ಇವತ್ತು ಒಂದು ಚೆಂಡೂ ಕಳ್ಕೊಂಡಿಲ್ಲ."

"ಹೌದಾ? ಹೇಗೆ ಆಡ್ತಿದಾನೆ?"

"ಹೇಗೆ ಅಂದ್ರೆ... ಆಡ್ತಿದಾನೆ. ಹೇಳೋಕೆ ಏನೂ ಇಲ್ಲ. ನೋಡಿದ್ರೇ ಗೊತ್ತಾಗೋದು."

ದ್ವಿತೀಯಾರ್ಧದಲ್ಲಿ ಈ ಮಾತು ಗಂಟಲಿನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ತಾನು ಹೆಸರಿಟ್ಟ ಹುಡುಗ. ಊರಿನ ಬಾಯಲ್ಲಿ ಕೂರಿಸಿದ ಹುಡುಗ. ಇದು ಈ ಅಂಗಿಯಲ್ಲಿ ಅವನ ಕೊನೆಯ ಆಟ. ಒಂದು ಸಲ ನೋಡಿದರೆ ಏನಾದೀತು? ಜನ ಹೇಗೂ ಮಾತು ಕೇಳುತ್ತಿದ್ದಾರೆ. ಪಾದರಸನ ಕಾಲಿಗೆ ಚೆಂಡು ಬಂದಿದೆ ಎಂದು ಭಾವಮೈದುನ ಸನ್ನೆ ಮಾಡಿದ ಒಂದು ಗಳಿಗೆಯಲ್ಲಿ ಅವನು ಪೆಟ್ಟಿಗೆಯ ಮೇಲೆ ಹಿಂದಕ್ಕೆ ತಿರುಗಿದ.

ಹಸಿರು ಅಷ್ಟು ದೊಡ್ಡದಾಗಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ನಡುವೆ ಪಾದರಸ. ಚೆಂಡು ಬಂತು, ನಿಲ್ಲಿಸಿದ, ಪಕ್ಕದವನಿಗೆ ಕೊಟ್ಟ. ನಾಲ್ಕು ಹೆಜ್ಜೆ ಸರಿದು ಎದುರಾಳಿ ಬರುವ ದಾರಿಯಲ್ಲಿ ನಿಂತುಕೊಂಡ. ಎದುರಾಳಿ ಬೇರೆ ದಾರಿ ಹುಡುಕಬೇಕಾಯಿತು. ಮತ್ತೆ ಚೆಂಡು ಬಂತು, ಮತ್ತೆ ಕೊಟ್ಟ. ಮಿಂಚಿಲ್ಲ, ಮಾಯೆಯಿಲ್ಲ. ಒಳ್ಳೆಯ ಗಾರೆ ಕೆಲಸದವನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತೆ ಅವನು ಆಡುತ್ತಿದ್ದ. ಗಂಟಲಿಗೆ ಮೊದಲು ಬೇಸರವಾಯಿತು; ಇಷ್ಟಕ್ಕೇನಾ ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಎನಿಸಿತು. ಆಮೇಲೆ ಮೆಲ್ಲಗೆ ಅರ್ಥವಾಯಿತು. ಇವನು ಇಂಥವನೇ. ಇದು ಇವನಿಗೆ ಬರುವ ಆಟ, ಮತ್ತು ಇದು ಚೆನ್ನಾಗಿದೆ. ಎದುರು ಬದಿಯ ಕುರ್ಚಿಗಳಲ್ಲಿ ಬೂದುಬಣ್ಣದ ಕೋಟಿನ ಒಬ್ಬ, ಆ ಬೇರೆ ಊರಿನ ತರಬೇತುದಾರನೇ ಇರಬೇಕು, ಮುಂದಕ್ಕೆ ಬಾಗಿ ಕೂತು, ಮೊಣಕಾಲಿನ ಮೇಲೆ ಮೊಣಕೈ ಊರಿ, ನೋಡುತ್ತಿದ್ದ. ಗಂಟಲೂ ನೋಡುತ್ತ ನಿಂತ. ಜನರ ಕಡೆ ತಿರುಗಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

ಅಷ್ಟರಲ್ಲಿ ಪಾದರಸ ಎದುರಾಳಿಯ ಕಾಲಿಂದ ಚೆಂಡನ್ನು ಸದ್ದಿಲ್ಲದೆ ಎತ್ತಿಕೊಂಡು, ಎಡಕ್ಕೆ ಉದ್ದನೆಯ ಪಾಸ್ ಕೊಟ್ಟ. ಅಲ್ಲಿದ್ದವನು ಓಡಿ ಗೋಲು ಹೊಡೆದ.

ಮೆಟ್ಟಿಲು ಸಿಡಿಯಿತು. ಬೆನ್ನ ಹಿಂದೆ ಯಾರೋ "ಪಾದರಸ ಬಂತು" ಎಂದು ಎಳೆದರು. ಇನ್ನೊಬ್ಬರು "ದಾರಿ ಬಿಡಿ" ಎಂದರು. ಡ್ರಮ್ ಸೇರಿಕೊಂಡಿತು. ಗಂಟಲು ಗಾಬರಿಯಿಂದ ತಿರುಗಿ ಅಂಗೈಗಳನ್ನು ನೆಲಕ್ಕೆ ಒತ್ತಿದ. "ಬೇಡ! ನಿಲ್ಲಿಸ್ರೋ! ಬೇಡ ಅಂದೆ!" ಯಾರಿಗೂ ಕೇಳಲಿಲ್ಲ. ಎಲ್ಲರ ಕಣ್ಣಲ್ಲೂ ನೀರು. ಭಾವಮೈದುನ ನಗುತ್ತ ಕೂಗಿದ, "ಇರ್ಲಿ ಭಾವ, ನೀವೇ ತಿರುಗಿ ನಿಂತ್ರಲ್ಲ! ನಿಮಗೂ ತಡೆಯೋಕಾಗ್ಲಿಲ್ಲ, ನಮಗೆ ಹೇಗೆ ಆಗುತ್ತೆ!"

ಆಟ ಮತ್ತೆ ಶುರುವಾಗಿ ಚೆಂಡು ಪಾದರಸನ ಕಾಲಿಗೆ ಬಂದಾಗ ಹಾಡು ಮುಗಿಲು ಮುಟ್ಟಿತ್ತು. ಗಂಟಲು ಈಗ ಬೇಕೆಂದೇ ಹಿಂದಕ್ಕೆ ತಿರುಗಿ ನೋಡಿದ. ಪಾದರಸ ಒಂದು ಸಲ ಮೆಟ್ಟಿಲಿನ ಕಡೆ ತಲೆ ಎತ್ತಿದ. ಬಲಕ್ಕೆ ಅವನ ತಂಡದವನೊಬ್ಬ ಒಂಟಿಯಾಗಿ ನಿಂತು ಕೈ ಬೀಸುತ್ತಿದ್ದ. ಪಾದರಸ ಅವನಿಗೆ ಕೊಡಲಿಲ್ಲ. ಒಬ್ಬನನ್ನು ದಾಟಿದ. ಎರಡನೆಯವನನ್ನೂ ಹೇಗೋ ದಾಟಿದ. ಮೂರನೆಯವನು ಚೆಂಡು ಕಿತ್ತುಕೊಂಡು ಓಡಿದ. ಅವನನ್ನು ತಡೆಯಬೇಕಾಗಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಗೋಲು ಸಮವಾಯಿತು.

ಮೆಟ್ಟಿಲಿನವರು ಬೈಯಲಿಲ್ಲ. ಅವರು ಬೈಯುವವರಲ್ಲವಲ್ಲ. ಧೈರ್ಯ ತುಂಬಲೆಂದು ಇನ್ನೂ ಜೋರಾಗಿ ಹಾಡಿದರು. ಪಾದರಸ ಇನ್ನೊಮ್ಮೆ ನುಗ್ಗಿದ, ಬಿದ್ದ. ಮತ್ತೊಮ್ಮೆ ನುಗ್ಗಿದ. ಎದುರಾಳಿಗಳ ಎರಡನೆಯ ಗೋಲೂ ಅದೇ ದಾರಿಯಲ್ಲಿ ಬಂತು. ತಂಡದ ತರಬೇತುದಾರ ಅವನನ್ನು ಹೊರಗೆ ಕರೆದ. ಹೊರಗೆ ಬರುವವನಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೂದುಬಣ್ಣದ ಕೋಟಿನವನೂ ಎದ್ದ. ಅವನು ಚಪ್ಪಾಳೆ ತಟ್ಟಲು ಎದ್ದದ್ದಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದ.

ಪಂದ್ಯ ಮುಗಿದ ಮೇಲೆ ಗಂಟಲು ಆಟಗಾರರು ಬರುವ ಹಿಂಬದಿಯ ಓಣಿಗೆ ಹೋದ. ಪಾದರಸ ಬ್ಯಾಗು ಹೊತ್ತು ಒಬ್ಬನೇ ಬಂದ. ಕೂದಲು ಒದ್ದೆಯಾಗಿತ್ತು.

"ತಪ್ಪಾಯ್ತು ಕಣಪ್ಪ," ಎಂದ ಗಂಟಲು.

"ಯಾಕಣ್ಣ ತಿರುಗಿದ್ರಿ? ನಾನು ನೋಡ್ತಿದ್ದೆ. ನೀವು ತಿರುಗಿದ ಮೇಲೇ ಶುರುವಾಗಿದ್ದು."

"ನಿನ್ನ ಆಟ ನೋಡೋಣ ಅಂತ."

"ಇವತ್ತಾ? ಇಷ್ಟು ದಿನ ನೋಡಿಲ್ವಾ?"

ಸುಳ್ಳು ಹೇಳಬಹುದಿತ್ತು. ಗಂಟಲಿಗೆ ಆಗ ಒಂದೂ ಹೊಳೆಯಲಿಲ್ಲ. "ಹಾಡಿಸೋನು ನೋಡೋಕಾಗಲ್ಲ. ಜನರ ಕಡೆ ಮುಖ ಇರ್ಬೇಕು."

"ನನ್ನ ಮೊದಲನೇ ಗೋಲು? ಹನ್ನೊಂದು ವರ್ಷದ ಹಿಂದಿಂದು?"

"ಅದೂ ನೋಡಿಲ್ಲ."

ಪಾದರಸ ಗೋಡೆಗೆ ಒರಗಿದ.

"ಅದು ಗೋಲಿಗೆ ಅಂತ ಹೊಡೆದಿದ್ದಲ್ಲ ಅಣ್ಣ. ಪಕ್ಕದೋನಿಗೆ ಕೊಡೋಕೆ ಹೋದೆ. ಎದುರಾಳಿಯೊಬ್ಬನ ಮೊಣಕಾಲಿಗೆ ತಾಗಿ ಒಳಗೆ ಹೋಯ್ತು. ಅದೇ ವಾರ ಎಲ್ಲರಿಗೂ ಹೇಳ್ಬೇಕು ಅಂದ್ಕೊಂಡೆ. ಆದ್ರೆ ನೀವು ಹಾಡು ಕಟ್ಟಿಬಿಟ್ಟಿದ್ರಿ. ಆಗ ಅನ್ನಿಸ್ತು, ಅಷ್ಟು ಹತ್ತಿರ ನಿಂತೋರು ಕಟ್ಟಿದಾರೆ ಅಂದ್ರೆ, ನನಗೆ ಕಾಣದೇ ಇರೋದು ಏನೋ ನನ್ನಲ್ಲಿ ಕಂಡಿದಾರೆ ಅಂತ."

ಗಂಟಲು ಬಾಯಿ ಒರೆಸಿಕೊಂಡ. "ಇವತ್ತು ಕಂಡೆ. ಚೆಂಡು ತಗೊಂಡು ಪಕ್ಕದೋನಿಗೆ ಕೊಡ್ತೀಯ. ಚೆನ್ನಾಗಿ ಕೊಡ್ತೀಯ."

"ಅದನ್ನ ಆ ಕೋಟಿನೋರಿಗೆ ಹೇಳ್ಬೇಕಿತ್ತು," ಎಂದು ಪಾದರಸ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಸಿಟ್ಟಿನ ದನಿಯಲ್ಲ. ಸುಸ್ತಾದವನ ದನಿ.

ಅವನು ಗೇಟು ದಾಟಿದ. ಹೊರಗೆ ಜನ ಕಾದಿದ್ದರು. ಕಂಡದ್ದೇ ತಡ, ಹಾಡು ಎದ್ದಿತು. ಅವನು ಕೈ ಮುಗಿದು, ತಲೆ ತಗ್ಗಿಸಿ, ಬದಿಯಿಂದ ನುಸುಳಿ ಬಸ್ಸಿನ ಕಡೆ ಹೋಗಲು ನೋಡಿದ. ಅವರು ಬಿಡಲಿಲ್ಲ. ಭಾವಮೈದುನ ಒಂದು ಕಾಲು ಹಿಡಿದ, ಯಾರೋ ಇನ್ನೊಂದು ಕಾಲು ಹಿಡಿದರು, ಎಲ್ಲರೂ ಸೇರಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಇಳಿಸಿ, ಇಳಿಸಿ ಎಂದು ಅವನ ತುಟಿಗಳು ಹೇಳುತ್ತಿದ್ದದ್ದು ಗಂಟಲಿಗೆ ಗೇಟಿನಿಂದಲೇ ಕಾಣುತ್ತಿತ್ತು. ಹಾಡಿನ ಅಬ್ಬರದಲ್ಲಿ ಅದು ಯಾರಿಗೂ ಕೇಳುವಂತಿರಲಿಲ್ಲ.