ಚೀಲದ ತಳದ ಪಂಪು

"ಅಪ್ಪಾ, ಇಷ್ಟೆಲ್ಲ ಹೇರಿದ್ರೆ ಬೈಕು ಸಾಲಲ್ಲ, ಒಂಟೆನೇ ಬೇಕಾಗುತ್ತೆ," ಎಂದಳು ನೊರ್ಜ್ಮಾ.

ಗೊಂಬೊಸುರೆನ್ ನಗಲಿಲ್ಲ. ಗುಡಾರದ ಬಾಗಿಲಲ್ಲಿ ಕೂತು, ಕಂಬಳಿಯ ಚೂರಿನ ಮೇಲೆ ಹರಡಿದ್ದ ಸಾಮಾನನ್ನು ಒಂದೊಂದಾಗಿ ಸರಿಸುತ್ತಿದ್ದ. ಅವನ ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳೊಂದೇ. ಎರಡು ಸ್ಪ್ಯಾನರ್, ಹೊಸ ಪ್ಲಗ್, ಚೈನಿನ ಕೊಂಡಿ, ಪಂಕ್ಚರಿನ ಅಂಟು, ಒಂದಿಷ್ಟು ತಂತಿ. ಸುತ್ತಿಗೆ ಬೇಡ, ಕಲ್ಲಿಗೇನು ಬರವಿಲ್ಲ. ಕೊನೆಗೆ ಗಾಳಿ ಹೊಡೆಯುವ ಪಂಪು ಕೈಗೆ ಬಂತು.

ಹಿಮಗಾಳಿಗೆ ಬೆದರಿ ಓಡಿದ ಮನೆಯ ಕುದುರೆಗಳು ಕಣಿವೆಯಾಚೆ ಉಪ್ಪಿನ ಕೆರೆಯ ಹತ್ತಿರ ಇವೆಯೆಂದು ನಿನ್ನೆ ಸುದ್ದಿ ಬಂದಿತ್ತು. ಅವನ್ನು ತರಲು ಹೊರಟ ಮಗಳು ಕತ್ತಲಾಗುವುದರೊಳಗೆ ಅಲ್ಲಿಯವರ ಗುಡಾರ ಮುಟ್ಟಬೇಕು. ಬಯಲಲ್ಲಿ ಕತ್ತಲಾದರೆ ಚಳಿ ಯಾರನ್ನೂ ಬಿಡುವುದಿಲ್ಲ. ಹೋದ ವರ್ಷ ದಾರಿಯಲ್ಲಿ ಯಾರೋ ಒಬ್ಬ ಗೊಂಬೊಸುರೆನ್‌ನ ಪಂಪು ಕೇಳಿದ್ದ. ಕೇಳಿದವರಿಗೆ ಇಲ್ಲವೆಂದು ಆ ಸೀಮೆಯಲ್ಲಿ ಯಾರೂ ಅಂದವರಿಲ್ಲ. ಆ ಮನುಷ್ಯನ ಟ್ಯೂಬಿಗೆ ತೇಪೆ ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಮುಂದೆ ಇವನ ಎಂಜಿನ್ನೇ ಕೆಟ್ಟಿತು. ನಡೆದು ಮನೆ ಸೇರಿದಾಗ ಬಲಗೈಯ ನಾಲ್ಕು ಬೆರಳುಗಳು ಚಳಿಗೆ ಕಪ್ಪಗಾಗಿದ್ದವು, ಕತ್ತರಿಸಬೇಕಾಯಿತು.

ಪಂಪನ್ನು ಎಲ್ಲರೂ ಬೈಕಿನ ಪಕ್ಕಕ್ಕೆ, ಕಾಣುವ ಹಾಗೆ ಕಟ್ಟುತ್ತಾರೆ. ಗೊಂಬೊಸುರೆನ್ ಅದನ್ನು ಚೀಲದ ತಳಕ್ಕೆ ತುರುಕಿದ.

"ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನು."

"ಇದು ನೀನು ಆಡೋ ಮಾತಾ ಅಪ್ಪಾ?"

"ನಾನೇ ಆಡ್ತಿರೋದು. ಎಲ್ಲೂ ನಿಲ್ಲಿಸ್ಬೇಡ."

ಅವಳು ಅವನ ಕೈಯನ್ನೇ ನೋಡಿದಳು. ಆಮೇಲೆ ಚೀಲ ಬಿಗಿದಳು.

"ನೀವು ಕಟ್ಟಿ ಮುಗಿಸೋದ್ರೊಳಗೆ ಕುದುರೆಗಳೇ ಮನೆಗೆ ಬರ್ತವೆ," ಎನ್ನುತ್ತ ಹೆಂಡತಿ ದುಲ್ಮಾ ಹಾಲಿನ ಬಟ್ಟಲು ಹಿಡಿದು ಬಂದಳು. ಬೈಕು ಹೊರಟಾಗ, ದಾರಿ ಸುಖವಾಗಲೆಂದು ವಾಡಿಕೆಯಂತೆ ಅದರ ಹಿಂದೆ ಹಾಲು ಚಿಮುಕಿಸಿ, ಒಲೆ ನೋಡಲು ಒಳಗೆ ಹೋದಳು.

ಗೊಂಬೊಸುರೆನ್ ದುರ್ಬೀನನ್ನು ಎರಡೂ ಅಂಗೈಗಳ ನಡುವೆ ಅವುಚಿ ಹಿಡಿದ. ಕಣಿವೆಯ ಬಾಯಲ್ಲಿ ಒಂದು ಬೈಕು ಮಲಗಿತ್ತು. ಪಕ್ಕದಲ್ಲಿ ಮುದುಕನೊಬ್ಬ ಕೈ ಎತ್ತಿ ನಿಂತಿದ್ದ. ನೊರ್ಜ್ಮಾ ಅವನನ್ನು ದಾಟಿ ಹೋದಳು. ಗೊಂಬೊಸುರೆನ್ ಉಸಿರು ಬಿಟ್ಟ.

ತುಸು ದೂರದಲ್ಲಿ ಅವಳ ಬೈಕು ನಿಧಾನವಾಯಿತು, ತಿರುಗಿತು.

ಅವಳು ಚೀಲ ಬಿಚ್ಚಿ, ಸಾಮಾನನ್ನೆಲ್ಲ ಹಿಮದ ಮೇಲೆ ಸುರಿದು, ತಳದಿಂದ ಪಂಪು ಎಳೆದಳು. ಮುದುಕನ ಚಕ್ರದ ಪಕ್ಕ ಮಂಡಿಯೂರಿದಳು. ಗುಡ್ಡದ ನೆರಳು ಅವರ ಕಾಲ ಬುಡಕ್ಕೆ ಬಂದಿತ್ತು.

"ಕಣಿವೆ ದಾಟಿದ್ಲೇನ್ರೀ?" ದುಲ್ಮಾ ಒಳಗಿಂದ ಕೇಳಿದಳು.

"ದಾಟಿದ್ಲು," ಎಂದ ಗೊಂಬೊಸುರೆನ್.

ಅವನ ಕಾಲ ಬಳಿ, ಚಕ್ರದ ಗುರುತಿನ ಮೇಲೆ, ಹಾಲಿನ ಹನಿಗಳು ಆಗಲೇ ಹೆಪ್ಪುಗಟ್ಟಿದ್ದವು.